ಬೊಮ್ಮಣ್ಣನ ಹೆಸರಿಗೆ ಎದ್ದ ದೇವರು

ಹೂಂ ಅನ್ನುವವರು ಯಾರಿದ್ದೀರಿ? ಒಬ್ಬರಾದರೂ ಅನ್ನಬೇಕು. ಹೂಂ ಇಲ್ಲದೆ ಕತೆ ಏಳುವುದಿಲ್ಲ, ಮಲಗಿದಲ್ಲೇ ಮಲಗಿರುತ್ತದೆ. ಅನ್ನುತ್ತೀರಾ? ಸರಿ, ಕೇಳಿ.

ಒಂದಾನೊಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿಯವರು ಹಾಗೆ ನಡೆದೇ ಇಲ್ಲ ಅಂತ ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಎಲ್ಲ ಸೀಮೆಯವರೂ ನಮ್ಮಲ್ಲೇ ನಡೆದದ್ದು ಅನ್ನುತ್ತಾರೆ. ಎರಡನೆಯದು ವಾಸಿ.

ಆ ಸೀಮೆಯಲ್ಲಿ ಒಂದು ಕರಿಕಲ್ಲಿನ ಗುಡ್ಡ. ಗುಡ್ಡದ ಮೇಲೆ ಗುಡಿ. ಗುಡಿಯೊಳಗೆ ರಂಗಪ್ಪ. ರಂಗಪ್ಪ ಹೇಗಿದ್ದಾನೆ? ಹಾವಿನ ಹಾಸಿಗೆಯ ಮೇಲೆ ಮಲಗಿದ್ದಾನೆ. ಕಣ್ಣು ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ. ಅವನನ್ನು ದಿನವೂ ಬೆಳಗ್ಗೆ ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಏನು ಮಾಡುತ್ತಾನೆ? ಮಲಗಿರುತ್ತಾನೆ. ಕಡೆದವನು ಹಾಗೆ ಕಡೆದಿದ್ದಾನೆ, ದೇವರ ತಪ್ಪಲ್ಲ. ಎದ್ದ ರಂಗಪ್ಪನಿಗೂ ಏಳದ ರಂಗಪ್ಪನಿಗೂ ಇರುವ ವ್ಯತ್ಯಾಸ ಪೂಜೆ ಮಾಡುವ ಭಟ್ಟರಿಗೆ ಗೊತ್ತು ಅಂತ ಜನ ನಂಬಿದ್ದರು. ಜನರಿಗೆ ಗೊತ್ತಿರಬೇಕು ಅಂತ ಭಟ್ಟರು ನಂಬಿದ್ದರು.

ಆ ಬೆಳಗಿನ ಸೇವೆಗೆ ಹೋಗುವುದು ಹೇಗೆ? ಅದನ್ನೂ ಕೇಳಿ. ಬಾಗಿಲ ಪಕ್ಕ ಒಂದು ಕಲ್ಲು ನಿಲ್ಲಿಸಿದ್ದರು. ಹಿಂದೆ ಯಾವನೋ ರಾಜ ನಿಲ್ಲಿಸಿದ್ದು. ರಾಜ ಹೋದ, ಅವನ ಮಕ್ಕಳು ಹೋದರು, ಕೋಟೆ ಹೋಯಿತು. ಕಲ್ಲಿಗೆ ಮಾತ್ರ ಏನೂ ಆಗಲಿಲ್ಲ. ಅದರ ಮೇಲೆ ಮೂರು ಸಾಲು.

ಮೊದಲ ಸಾಲು: ಬೆಳಗಿನ ಸೇವೆ ಬೇಕೆನ್ನುವವರು ಹಿಂದಿನ ಸಂಜೆಯೇ ಗುಡ್ಡ ಹತ್ತಿ ಮಂಟಪದಲ್ಲಿ ತಂಗತಕ್ಕದ್ದು.

ಎರಡನೇ ಸಾಲು: ಮೂಡಣ ಕೆಂಪಾಗುವ ಮೊದಲು ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಾಗಿಲ ಮುಂದೆ ನಿಲ್ಲತಕ್ಕದ್ದು.

ಮೂರನೇ ಸಾಲು: ದೇವರು ಏಳುವುದು ಯಾತ್ರಿಕರ ಹೆಸರಿಗೆ. ಆ ಹೆಸರು ಬದುಕಿರುವವರದೇ ಆಗಿರತಕ್ಕದ್ದು. ಸತ್ತವರ ಹೆಸರಿಗೆ ದೇವರು ಏಳುವುದಿಲ್ಲ. ಹೆಂಗಸು ಬಂದರೆ ಗಂಡನ ಹೆಸರು ಕೊಡತಕ್ಕದ್ದು. ಗಂಡನಿಲ್ಲದವಳು ಮಧ್ಯಾಹ್ನ ಬರತಕ್ಕದ್ದು.

ಗಂಡನಿಲ್ಲದವಳ ಮುಖ ನೋಡಿದರೆ ಬೆಳಗಿನ ದೇವರಿಗೆ ಭಯ. ಮಧ್ಯಾಹ್ನದ ಹೊತ್ತಿಗೆ ಧೈರ್ಯ ಬರುತ್ತದೆ, ಅಷ್ಟೇ.

ಕಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಮಾತಿತ್ತು. ಹೆಸರು ಕೊಡುವವರು ಯಾರೂ ಇಲ್ಲದ ದಿನ ಬಾಗಿಲು ತೆರೆಯತಕ್ಕದ್ದಲ್ಲ. ಪೂಜೆಯವರ ಹೆಸರು ನಡೆಯುವುದಿಲ್ಲ. ದಿನಾ ಕೂಗುವವರ ಕೂಗಿಗೆ ಯಾರೂ ಏಳುವುದಿಲ್ಲವಷ್ಟೆ. ಮೂರು ಬೆಳಗು ಸತತವಾಗಿ ಬಾಗಿಲು ತೆರೆಯದೆ ಹೋದರೆ ದೇವರು ಗುಡ್ಡ ಬಿಟ್ಟ ಎಂದು ತಿಳಿದು ಬಾಗಿಲಿಗೆ ಕಲ್ಲು ಕಟ್ಟತಕ್ಕದ್ದು.

ಬೇಸಿಗೆಯಲ್ಲಿ ಯಾತ್ರಿಕರು ಬರುತ್ತಿದ್ದರು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಮುನ್ನೂರು ಮೆಟ್ಟಿಲು, ಯಾರು ಹತ್ತುತ್ತಾರೆ? ಶೇಷಾಭಟ್ಟರು ಪೂಜೆಯವರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪ್ರತಿ ಮಳೆಗಾಲದಲ್ಲೂ ಸಂಜೆ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಯಾರಾದರೂ ಹತ್ತುತ್ತಿದ್ದಾರಾ? ಒಂದು ತಲೆ ಕಂಡರೆ ಸಾಕು, ರಂಗಪ್ಪನಿಗೆ ಒಂದು ದಿನದ ಆಯಸ್ಸು.

ಅಂಥ ಒಂದು ಮಳೆಗಾಲದ ಸಂಜೆ ಸಾತವ್ವ ಬಂದಳು.

ಯಾರು ಈ ಸಾತವ್ವ? ಗುಡ್ಡದ ಕೆಳಗಿನ ಹಟ್ಟಿಯವಳು. ಗಂಡ ಎತ್ತುಗಳ ಬೆನ್ನ ಮೇಲೆ ಹೇರು ಹಾಕಿಕೊಂಡು ಘಟ್ಟ ಇಳಿದು, ಸಮುದ್ರದ ಕಡೆಯಿಂದ ಉಪ್ಪು ತರುವವನು. ಹೊರಡುವ ಮುಂಚೆ ಗುಡಿಗೆ ಬಂದು, ಭಟ್ಟರ ಕೈಯಲ್ಲೇ ಉಡಿದಾರಕ್ಕೆ ಒಂದು ತಾಮ್ರದ ತಾಯತ ಕಟ್ಟಿಸಿಕೊಂಡು ಹೋಗಿದ್ದ. ಅವನು ತಿರುಗಿ ಬರುವ ತನಕ ಅವನ ಹೆಸರಲ್ಲಿ ದಿನವೂ ದೇವರನ್ನು ಎಬ್ಬಿಸುತ್ತೇನೆ ಅಂತ ಇವಳು ಹರಕೆ ಹೊತ್ತಳು. ಒಂದು ತಿಂಗಳ ಮಾತು ಅಂದುಕೊಂಡು ಹೊತ್ತಳು.

ಬೆಳಗಾಯಿತು. ಮುಳುಗಿ ಬಂದಳು, ನಡುಗುತ್ತ ನಿಂತಳು. ಭಟ್ಟರು ದೀಪ ಎತ್ತಿ ಹಿಡಿದು ಕೇಳಿದರು.

"ಯಾರ ಹೆಸರಮ್ಮ?"

ಸಾತವ್ವ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದುಂಟೆ?

"ನಮ್ ಮನೆಯವ್ರದು ಸ್ವಾಮಿ."

"ನಿಮ್ಮ ಮನೆಯವರು ಅಂದರೆ ದೇವರಿಗೆ ಹೇಗೆ ಗೊತ್ತಾಗಬೇಕು? ಊರು ತುಂಬ ಮನೆಯವರೇ ಇದ್ದಾರೆ. ಹೆಸರು ಹೇಳು."

"ನಾಕು ತಲೆ ದೇವ್ರು ಇಲ್ವಾ, ಎಲ್ಲಾರನ್ನೂ ಹುಟ್ಟಿಸ್ತಾನಲ್ಲ, ಅವ್ನ ಹೆಸ್ರು."

"ಬ್ರಹ್ಮನಾ?"

"ಹೂಂ. ಆದ್ರೆ ಅಷ್ಟು ದೊಡ್ಡೋರಲ್ಲ. ಉಪ್ಪಿನೋರು."

"ಓ, ಬೊಮ್ಮಣ್ಣ! ತಾಯತದ ಬೊಮ್ಮಣ್ಣ. ಯಾವ ಗೋತ್ರ?"

"ಅದು ಯಾವ್ದು ಸ್ವಾಮಿ?"

"ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ. ನಕ್ಷತ್ರ?"

"ಮೃಗಶಿರ ಮಳೆ ಹೊಯ್ತಿತ್ತಂತೆ, ಹುಟ್ಟಿದಾಗ."

"ಸಾಕು."

ಭಟ್ಟರು ಬಾಗಿಲು ತಟ್ಟಿದರು. ಒಂದು ಸಲ, ಎರಡು ಸಲ, ಮೂರು ಸಲ. "ಕಾಶ್ಯಪ ಗೋತ್ರದ, ಮೃಗಶಿರ ನಕ್ಷತ್ರದ ಬೊಮ್ಮಣ್ಣನ ಮನೆಯವರು ಬಂದಿದ್ದಾರೆ, ಏಳಪ್ಪಾ ರಂಗ" ಅಂದರು. ಗಂಟೆ ಬಾರಿಸಿದರು, ಬಾಗಿಲು ನೂಕಿದರು. ದೀಪ ಒಳಗೆ ಹೋಯಿತು. ಅರ್ಧ ತೆರೆದ ಕಣ್ಣು ಕಂಡಿತು. ಸಾತವ್ವ ಕೈ ಮುಗಿದಳು.

ಆಮೇಲೆ ಏನು? ದೇವರ ಮೈಮೇಲಿನ ನಿನ್ನೆಯ ಹೂವು ತೆಗೆಯಬೇಕು. ಅದಕ್ಕೆ ನಿರ್ಮಾಲ್ಯ ಅನ್ನುತ್ತಾರೆ. ಯಾರೂ ಮುಡಿಯಬಾರದು, ಯಾರೂ ತುಳಿಯಬಾರದು. ಬಿದಿರಿನ ಬುಟ್ಟಿಗೆ ತುಂಬಿ ಕೊಳಕ್ಕೆ ಬಿಡಬೇಕು. ಹೆಸರು ಕೊಟ್ಟವರೇ ಆ ಬುಟ್ಟಿ ಹೊರಬೇಕು. ಅಷ್ಟಾದ ಮೇಲೆ ದೇವರಿಗೆ ನೀರು, ಗಂಧ, ಹೊಸ ತುಳಸಿ, ಬೆಲ್ಲ ಹಾಕಿದ ಹಾಲು. ಹಾಲಿನಲ್ಲಿ ಒಂದು ಗಿಂಡಿ ಈಗಿನ ರಾಜನ ಅರಮನೆಗೆ. ರಾಣಿಗೆ ಮಕ್ಕಳಿರಲಿಲ್ಲ, ಅದಕ್ಕೆ. ಒಂದು ಉದ್ಧರಣೆ ಸಾತವ್ವನ ಅಂಗೈಗೆ. ಹಣೆಗೆ ಕುಂಕುಮ, ತುರುಬಿಗೆ ಹೂವು.

ಹೀಗೆ ಒಂದು ದಿನ, ಎರಡು ದಿನ, ಒಂದು ತಿಂಗಳು. ಬೊಮ್ಮಣ್ಣ ಬರಲಿಲ್ಲ. ಸಾತವ್ವ ತಪ್ಪಿಸಲಿಲ್ಲ. ಹಗಲೆಲ್ಲ ಹಟ್ಟಿಯಲ್ಲಿ ಕೂಲಿ, ಸಂಜೆ ಮಂಟಪ, ಬೆಳಗ್ಗೆ ಬಾಗಿಲು. ಇಬ್ಬರ ಮಾತೂ ಸವೆದು ಸವೆದು ನುಣ್ಣಗಾಯಿತು.

"ಯಾರ ಹೆಸರು?"

"ಅವ್ರದೇ."

"ಯಾವ ಗೋತ್ರ?"

"ನೀವ್ ಕೊಟ್ಟಿದ್ದೇ."

"ಯಾವ ನಕ್ಷತ್ರ?"

"ಮೃಗಶಿರ."

ಮಳೆಗಾಲದಲ್ಲಿ ಬೇರೆ ಯಾರೂ ಇಲ್ಲದ ದಿನಗಳಲ್ಲಿ ಆ ಗುಡ್ಡದ ಮೇಲೆ ಇಡೀ ದಿನಕ್ಕೆ ಆಡಿದ ಮಾತು ಇಷ್ಟೇ. ಭಟ್ಟರು ಸಂಜೆ ಮೆಟ್ಟಿಲ ತುದಿಗೆ ಬಂದು ನೋಡುವುದನ್ನು ಬಿಟ್ಟರು. ಅವಳು ಬರುತ್ತಾಳೆ ಅಂತ ಗೊತ್ತಿತ್ತು.

ಹೂಂ ಅನ್ನಿ. ನಿದ್ದೆ ಬಂದರೆ ಮುಖ ತೊಳೆದು ಬನ್ನಿ.

ಮೊದಲ ವರ್ಷ ಒಬ್ಬ ಬಳೆಗಾರ ಬಂದ. ಮಧ್ಯಾಹ್ನದ ಪೂಜೆ ಮುಗಿಸಿ ಭಟ್ಟರು ಬಾಗಿಲಲ್ಲಿ ಕುಳಿತಿದ್ದರು.

"ಸ್ವಾಮಿ, ಘಟ್ಟದ ಕೆಳಗೆ ಚಳಿಜ್ವರ ಬಂದಿತ್ತಂತೆ. ಉಪ್ಪಿನೋರು ಒಂದಿಷ್ಟು ಜನ ಹೋದ್ರಂತೆ. ಅದರಲ್ಲಿ ಬೊಮ್ಮಣ್ಣ ಅನ್ನೋನೂ ಇದ್ನಂತೆ."

"ನೋಡಿದೆಯಾ?"

"ಇಲ್ಲ, ಕೇಳ್ದೆ."

"ಮೂರು ಸಲ ಅಂತೆ ಅಂದೆ ನೀನು. ಅಂತೆಯಿಂದ ಯಾರೂ ಸಾಯುವುದಿಲ್ಲ. ಪ್ರಸಾದ ತಿಂದು ಹೋಗು."

ಎರಡನೇ ವರ್ಷ ಒಬ್ಬ ಕುರುಬ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಸ್ವಾಮಿ, ನಾನು ನೋಡ್ದೆ. ಹೊಳೆ ದಡದಾಗೆ ಸುಡ್ತಾ ಇದ್ರು. ಯಾರು ಅಂದೆ. ಉಪ್ಪಿನ ಬೊಮ್ಮಣ್ಣ ಅಂದ್ರು."

"ಮುಖ ನೋಡಿದೆಯಾ?"

"ಮುಖಕ್ಕೆ ಬಟ್ಟೆ ಹಾಕಿದ್ರು."

"ಬಟ್ಟೆ ಹಾಕಿದ ಮುಖ ಯಾರದಾದರೂ ಆಗಬಹುದು. ಪ್ರಸಾದ ತಿಂದು ಹೋಗು."

ಮೂರನೇ ವರ್ಷ ಮುದ್ದಯ್ಯ ಬಂದ. ಬೊಮ್ಮಣ್ಣನ ಜೊತೆಯಲ್ಲೇ ಎತ್ತು ಹೊಡೆದುಕೊಂಡು ಹೋಗಿದ್ದವನು. ಜ್ವರದಿಂದ ಎದ್ದು, ಯಾವುದೋ ಊರಲ್ಲಿ ಬಿದ್ದಿದ್ದು, ಈಗ ತಿರುಗಿ ಬಂದಿದ್ದ. ಅವನು ಅಂತೆ ಅನ್ನಲಿಲ್ಲ, ನೋಡಿದೆ ಅನ್ನಲಿಲ್ಲ. ಸೊಂಟದ ಗಂಟಿನಿಂದ ಒಂದು ತಾಮ್ರದ ತಾಯತ ತೆಗೆದು ಭಟ್ಟರ ಮುಂದಿಟ್ಟ. ಕಟ್ಟಿದ್ದು ಯಾರ ಕೈ? ಅವರದೇ ಕೈ. ದಾರದ ಗಂಟು ಕೂಡ ಹಾಗೆಯೇ ಇತ್ತು.

"ನಾನೇ ಬೆಂಕಿ ಇಟ್ಟೆ ಸ್ವಾಮಿ. ಅವಳಿಗೆ ಹೇಳೋಕೆ ನನ್ ಕೈಲಿ ಆಗಲ್ಲ. ನೀವೇ ಹೇಳಿ."

"ಹೇಳುತ್ತೇನೆ" ಅಂದರು ಭಟ್ಟರು. ಪ್ರಸಾದ ತಿಂದು ಹೋಗು ಅನ್ನುವುದನ್ನು ಮರೆತರು.

ಸಂಜೆ ಸಾತವ್ವ ಬಂದಳು. ತುರುಬಿನಲ್ಲಿ ಬಾಡಿದ ಹೂವು, ಹಣೆಯಲ್ಲಿ ಬೆಳಗಿನ ಕುಂಕುಮ. ಆಕಾಶದಲ್ಲಿ ಮಳೆಗಾಲದ ಮೊದಲ ಮೋಡ. ಹೇಳಿದರೆ ಏನಾಗುತ್ತದೆ? ಕುಂಕುಮ ಅಳಿಸಬೇಕು, ಬಳೆ ಒಡೆಯಬೇಕು, ನಾಳೆಯಿಂದ ಮಧ್ಯಾಹ್ನ ಬಾ ಅನ್ನಬೇಕು. ಬೆಳಗ್ಗೆ ಹೆಸರು ಕೊಡುವವರಿಲ್ಲ. ಮೂರು ಬೆಳಗು ಕಳೆದರೆ ಬಾಗಿಲಿಗೆ ಕಲ್ಲು. ಅವಳ ಮೇಲಿನ ಕರುಣೆಯೋ, ಬಾಗಿಲ ಮೇಲಿನ ಭಯವೋ, ಯಾವುದು ಎಷ್ಟು ಅಂತ ಭಟ್ಟರೂ ತೂಗಿ ನೋಡಲಿಲ್ಲ. ತೂಗದೆ ಇರುವುದರಲ್ಲಿ ಒಂದು ಸುಖವಿದೆ.

ಹೇಳಲಿಲ್ಲ.

ಈಗ ತಾಯತ ಎಲ್ಲಿಡುವುದು? ಮನೆಯಲ್ಲಿ ಇಡುವಂತಿಲ್ಲ, ಹೆಣದ ಮೈಮೇಲಿಂದ ಬಂದದ್ದು, ಮೈಲಿಗೆ. ಗರ್ಭಗುಡಿಯಲ್ಲಿ ಇಡುವಂತಿಲ್ಲ, ಇನ್ನೂ ಮೈಲಿಗೆ. ಇಡೀ ಗುಡಿಯಲ್ಲಿ ಯಾರೂ ಕೈ ಹಾಕದ ಜಾಗ ಒಂದೇ. ಭಟ್ಟರು ಮಧ್ಯಾಹ್ನದ ಬಾಡಿದ ಹೂವಿನ ಕೆಳಗೆ, ನಿರ್ಮಾಲ್ಯದ ಬುಟ್ಟಿಯ ತಳಕ್ಕೆ ಅದನ್ನು ಹಾಕಿದರು. ಬೆಳಗ್ಗೆ ಇದರ ಮೇಲೆ ಇನ್ನಷ್ಟು ಹೂವು ಬೀಳುತ್ತದೆ. ಕೊಳದಲ್ಲಿ ಬುಟ್ಟಿ ಕವುಚುತ್ತಾರೆ. ತಾಮ್ರ ಮುಳುಗುತ್ತದೆ. ಮುಗಿಯಿತು.

ಬುಟ್ಟಿ ಹೊರುವವರು ಯಾರು? ಅಷ್ಟನ್ನು ಯೋಚಿಸಿದವರು ಇದನ್ನು ಯೋಚಿಸಲಿಲ್ಲ. ಯೋಚಿಸಿದರೂ, ಅವಳು ನೋಡುವುದಿಲ್ಲ ಅಂದುಕೊಂಡರು.

ಮಾರನೇ ಬೆಳಗ್ಗೆ ಸಾತವ್ವ ಬುಟ್ಟಿ ಸೊಂಟಕ್ಕಿಟ್ಟು ಕೊಳಕ್ಕೆ ಹೋದಳು. ತಿರುಗಿ ಬರುವುದು ತಡವಾಯಿತು. ದೇವರ ಹಾಲು ಆರಿ ಕೆನೆ ಕಟ್ಟಿತು.

"ಯಾಕಮ್ಮ ಇಷ್ಟು ಹೊತ್ತು?"

"ಮೆಟ್ಲು ಜಾರ್ತು ಸ್ವಾಮಿ."

"ಪೆಟ್ಟಾಯಿತಾ?"

"ಇಲ್ಲ."

ಅದರ ಮಾರನೇ ಬೆಳಗ್ಗೆ ಭಟ್ಟರು ದೀಪ ಎತ್ತಿ ಹಿಡಿದರು. ಅವರ ಕೈ ಸ್ವಲ್ಪ ನಡುಗಿತು. "ಯಾರ ಹೆಸರು?"

ಸಾತವ್ವ ದೀಪದ ಹಿಂದಿನ ಮುಖವನ್ನು ನೋಡಿದಳು. ಒಂದು ಸಲ ಕೆಮ್ಮಿದಳು.

"ಅವ್ರದೇ."

ಅಲ್ಲಿಂದ ಮುಂದೆ ಕೇಳಿ.

ಮುದ್ದಯ್ಯನಿಗೆ ಒಂದು ದುರಭ್ಯಾಸ, ನಿಜ ಹೇಳುವುದು. ಉಪ್ಪಿನ ಸಂತೆಯಲ್ಲಿ ಬೊಮ್ಮಣ್ಣನ ಸಾವಿನ ಕತೆ ಹೇಳಿ ಅತ್ತ. ಅದು ಪಾರುಪತ್ತೇಗಾರ ಹಂಪಯ್ಯನ ಕಿವಿಗೆ ಬಿತ್ತು. ಪಾರುಪತ್ತೇಗಾರ ಅಂದರೆ ಗುಡಿಯ ಮೇಲ್ವಿಚಾರಣೆಗೆ ಅರಮನೆ ಇಟ್ಟವನು. ಹಂಪಯ್ಯ ಗುಡ್ಡ ಹತ್ತಿದ್ದು ಒಂದೇ ಸಲ. ಆ ಸಲವೂ ಕೈಮುಗಿಯುವುದಕ್ಕಿಂತ ಕಲ್ಲು ಓದಿದ್ದೇ ಹೆಚ್ಚು. ಮೂರು ಸಾಲೂ ಬಾಯಿಪಾಠ. ಈಗ ಎರಡನೇ ಸಲ ಹತ್ತಿದ. ಹಿಂದೆ ಊರಿನ ಅರ್ಧ ಜನ. ಯಾರಿಗೋ ಕೆಟ್ಟದ್ದಾಗುತ್ತದೆ ಅಂದರೆ ಮುನ್ನೂರು ಮೆಟ್ಟಿಲು ಹೆಚ್ಚಲ್ಲ.

ಬೆಳಗಿನ ಹೊತ್ತು. ಸಾತವ್ವ ಒದ್ದೆ ಸೀರೆಯಲ್ಲಿ ಬಾಗಿಲ ಮುಂದೆ. ಭಟ್ಟರ ಕೈಯಲ್ಲಿ ದೀಪ.

"ನಿಲ್ಲಿಸಿ ಭಟ್ಟರೇ" ಅಂದ ಹಂಪಯ್ಯ. "ಏ ಹೆಂಗಸೇ, ನಿನ್ನ ಗಂಡ ಎಲ್ಲಿ?"

"ಉಪ್ಪಿಗೆ ಹೋಗವ್ರೆ."

"ಉಪ್ಪಿಗೆ ಹೋಗಿ ಬೂದಿಯಾಗಿ ಎಷ್ಟು ವರ್ಷವಾಯಿತು! ಇಕೋ, ಸುಟ್ಟವನೇ ಇಲ್ಲಿದ್ದಾನೆ. ಹೇಳೋ ಮುದ್ದಯ್ಯ."

ಮುದ್ದಯ್ಯ ನೆಲ ನೋಡಿದ. "ಹೂಂ ಬುದ್ಧಿ. ನಾನೇ ಇಟ್ಟೆ ಬೆಂಕಿ."

ಜನ ಗುಜುಗುಜು ಅಂದರು. ಒಬ್ಬಳು ಮುಂದೆ ಬಂದು ಸಾತವ್ವನ ಹಣೆ ನೋಡಿದಳು, ಅಳಿಸುವುದಕ್ಕೆ ಸೆರಗು ಸಿದ್ಧ ಮಾಡಿಕೊಂಡಳು. ಭಟ್ಟರ ದೀಪದ ಎಣ್ಣೆ ತುಳುಕಿ ಕೈ ಸುಟ್ಟಿತು.

ಸಾತವ್ವ ಅಳಲಿಲ್ಲ. "ಬುದ್ಧಿ, ನಂಗೆ ಓದು ಬರಲ್ಲ. ಆ ಕಲ್ಲಿನ ಮೂರನೇ ಸಾಲಲ್ಲಿ ಏನೈತೆ, ವಸಿ ಓದಿ" ಅಂದಳು.

ಹಂಪಯ್ಯನಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಗಂಟಲು ಸರಿ ಮಾಡಿಕೊಂಡು ಓದಿದ. "ಸತ್ತವರ ಹೆಸರಿಗೆ ದೇವರು ಏಳುವುದಿಲ್ಲ!"

"ಏಳೋದೇ ಇಲ್ವಾ?"

"ಏಳುವುದೇ ಇಲ್ಲ!"

"ಹಂಗಾದ್ರೆ ನೀವೇ ಹೇಳಿ. ಈ ಮೂರು ಮಳೆಗಾಲ ನನ್ನ ಬಿಟ್ಟು ಇಲ್ಲಿ ಯಾರೂ ಹೆಸ್ರು ಕೊಟ್ಟಿಲ್ಲ. ಅವಾಗೆಲ್ಲ ದೇವ್ರು ಎದ್ದಿದ್ನೋ, ಇಲ್ವೋ?"

ಹಂಪಯ್ಯ ಬಾಯಿ ತೆರೆದ. ತೆರೆದದ್ದು ಹಾಗೆಯೇ ಇತ್ತು.

ಯಾಕೆ ಹಾಗೆಯೇ ಇತ್ತು? ಕೇಳಿ. ದೇವರು ಎದ್ದಿರಲಿಲ್ಲ ಅನ್ನಬೇಕು. ಆದರೆ ಕಳೆದ ಮಳೆಗಾಲವೆಲ್ಲ ಬೆಳಗಿನ ಹಾಲು ಕುಡಿದು ರಾಣಿ ಗಂಡುಮಗು ಹೆತ್ತಿದ್ದಳು. ರಂಗಪ್ಪ ಎದ್ದು ಕೊಟ್ಟ ಕೂಸು ಅಂತ ಮಗುವಿಗೆ ರಂಗನ ಹೆಸರೇ ಇಟ್ಟಿದ್ದರು. ನಿದ್ದೆ ಹೋದ ದೇವರು ಕೊಟ್ಟದ್ದು ಅಂತ ಅರಮನೆಗೆ ಹೋಗಿ ಯಾರು ಹೇಳುತ್ತಾರೆ? ಎದ್ದಿದ್ದ ಅನ್ನೋಣ. ಎದ್ದಿದ್ದರೆ ಯಾರ ಹೆಸರಿಗೆ ಎದ್ದ?

ಹಂಪಯ್ಯ ಭಟ್ಟರ ಕಡೆ ತಿರುಗಿದ. "ನೀವು ಹೇಳಿ. ದಿನಾ ನೋಡುವವರು ನೀವು. ಎದ್ದಿದ್ದನೋ?"

ಭಟ್ಟರು ಸುಟ್ಟ ಕೈಯನ್ನು ನೋಡಿಕೊಂಡರು. "ಕಣ್ಣು ತೆರೆದಿತ್ತು" ಅಂದರು. ಸುಳ್ಳಲ್ಲ. ಅರ್ಧ ತೆರೆದಿತ್ತು.

"ಹಾಗಾದರೆ ಎದ್ದಿದ್ದ" ಅಂದ ಹಂಪಯ್ಯ, ಮೆಲ್ಲಗೆ.

"ಹಂಗಾದ್ರೆ ನನ್ ಗಂಡ ಬದುಕವ್ನೆ" ಅಂದಳು ಸಾತವ್ವ. "ಕಲ್ಲೇ ಹೇಳ್ತದೆ. ನೀವೇ ಓದಿದ್ದು."

ಊರಿನವರು ಹೋ ಅಂದರು. ಅಳಿಸಲು ಬಂದವಳು ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು. ಅದೇ ದಿನ ಹಂಪಯ್ಯ ತಮಟೆ ಹೊಡೆಸಿದ. ಉಪ್ಪಿನ ಬೊಮ್ಮಣ್ಣ ಬದುಕಿದ್ದಾನೆ, ಸತ್ತ ಅಂದವರಿಗೆ ಚಾಟಿ ಏಟು ಅಂತ ಸಾರಿಸಿದ. ಬೊಮ್ಮಣ್ಣನಿಗೆ ಕೈಯಾರೆ ಬೆಂಕಿ ಇಟ್ಟ ಮುದ್ದಯ್ಯ ಕೂಡ ಸಂತೆಯ ನಡುವೆ ನಿಂತು, "ನನ್ನಿಂದ ತಪ್ಪಾಯ್ತು, ಬದುಕವ್ನೆ" ಅಂತ ಮೂರು ಸಲ ಹೇಳಿದ. ಮೂರನೇ ಸಲಕ್ಕೆ ಅವನಿಗೂ ಸ್ವಲ್ಪ ನಂಬಿಕೆ ಬಂತು.

ಸಾತವ್ವ ಗೆದ್ದಳು. ನೀವೂ ನಗುತ್ತಿದ್ದೀರಿ. ನಗಿ. ಇಲ್ಲಿಗೇ ಕತೆ ನಿಲ್ಲಿಸಿ ಮನೆಗೆ ಹೋಗುವ ಊರುಗಳೂ ಇವೆ. ನಮ್ಮೂರು ಅಂಥದ್ದಲ್ಲ.

ಗೆದ್ದು ಏನು ಸಿಕ್ಕಿತು? ಕುಂಕುಮ ಸಿಕ್ಕಿತು. ಬಳೆ ಸಿಕ್ಕಿತು. ಬೆಳಗಿನ ಬಾಗಿಲು ಸಿಕ್ಕಿತು. ಏನು ಹೋಯಿತು? ಅಳು ಹೋಯಿತು. ತಮಟೆ ಹೊಡೆದು ಬದುಕಿಸಿದ ಗಂಡನಿಗೆ ಅಳುವುದು ಹೇಗೆ? ಮಹಾಲಯ ಅಮಾವಾಸ್ಯೆಗೆ ಹಟ್ಟಿಯವರೆಲ್ಲ ತಮ್ಮ ತಮ್ಮ ಸತ್ತವರಿಗೆ ಎಡೆ ಇಡುತ್ತಾರೆ. ಪಾಯಸ, ವಡೆ, ಹೊಸ ಪಂಚೆ. ಸಾತವ್ವನ ಮನೆಯಲ್ಲಿ ಒಲೆ ಮಾತ್ರ ಉರಿಯುತ್ತಿತ್ತು. ಪಕ್ಕದ ಮನೆಯವಳು ಬಂದು, "ನಿಂಗೇನಮ್ಮ, ಎಡೆ ಇಡೋ ಕಷ್ಟ ಇಲ್ಲ, ಪುಣ್ಯವಂತೆ" ಅನ್ನುತ್ತಿದ್ದಳು. ಸಾತವ್ವ ಹೌದು ಅನ್ನುತ್ತಿದ್ದಳು.

ಆದರೆ ಆ ದಿನ ಬೆಳಗ್ಗೆ ಕೊಳದ ಮೇಲಿನ ಚಪ್ಪಡಿಯಲ್ಲಿ ಒಂದು ಹಿಡಿ ಅನ್ನ ಇರುತ್ತಿತ್ತು. ಕಾಗೆ ಬಂದು ತಿನ್ನುತ್ತಿತ್ತು.

"ಇದೇನು ಸಾತವ್ವ?"

"ಚೆಲ್ತು ಸ್ವಾಮಿ."

ಮಾರನೇ ವರ್ಷವೂ ಚೆಲ್ಲಿತು. ಅದರ ಮಾರನೇ ವರ್ಷವೂ ಚೆಲ್ಲಿತು. ಭಟ್ಟರು ಕೇಳುವುದನ್ನು ಬಿಟ್ಟರು. ಕಾಗೆ ತಿಂದು ಮುಗಿಸುವ ತನಕ ಆ ಕಡೆ ಹೋಗದೆ, ಗಂಟೆಯ ಹಗ್ಗ ಹಿಡಿದು ಕಾಯುತ್ತಿದ್ದರು. ಕೇಳಬೇಕಾದದ್ದನ್ನು ಮಾತ್ರ ದಿನವೂ ಕೇಳಿದರು. ಯಾರ ಹೆಸರು? ಯಾವ ಗೋತ್ರ? ಯಾವ ನಕ್ಷತ್ರ? ಅವಳು ದಿನವೂ ಹೇಳಿದಳು. ಹನ್ನೆರಡು ಮಳೆಗಾಲ ಹೀಗೆ ಕಳೆಯಿತು. ಅವಳ ಕೂದಲು ಬೆಳ್ಳಗಾಯಿತು. ಅವರ ಕೂದಲು ಮೊದಲೇ ಬೆಳ್ಳಗಿತ್ತು, ಉದುರಿತು.

ಹದಿಮೂರನೇ ಮಳೆಗಾಲದಲ್ಲಿ ಸಾತವ್ವನಿಗೆ ಜ್ವರ ಬಂತು. ಜ್ವರದಲ್ಲೇ ಮೆಟ್ಟಿಲು ಹತ್ತಿ ಬಂದು ಮಂಟಪದಲ್ಲಿ ಮಲಗಿದಳು. ಬೆಳಗ್ಗೆ ಏಳಲಿಲ್ಲ. ಭಟ್ಟರು ಬಾಗಿಲ ಮುಂದೆ ಕಾದು ಕಾದು, ದೀಪ ಹಿಡಿದು ಮಂಟಪಕ್ಕೇ ಬಂದರು.

"ಸಾತವ್ವಾ, ಹೊತ್ತಾಯಿತು. ಇವತ್ತು ಮುಳುಗಬೇಡ. ತಲೆಗೆ ನೀರು ಚಿಮುಕಿಸುತ್ತೇನೆ, ಸಾಕು. ಯಾರ..."

"ಕೇಳ್ಬೇಡಿ ಸ್ವಾಮಿ. ಇವತ್ತೊಂದಿನ ಕೇಳ್ಬೇಡಿ."

ಸೆರಗಿನ ತುದಿಯ ಗಂಟು ಬಿಚ್ಚಿದಳು. ಬಿಚ್ಚಲು ಆಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದಳು. ತಾಮ್ರದ ತಾಯತ ಕಲ್ಲಿನ ಮೇಲೆ ಬಿದ್ದು ಟಣ್ ಅಂದಿತು.

ಭಟ್ಟರು ಕೆಳಗೆ ಕುಳಿತರು.

"ಇದು ನಿನಗೆ ಯಾವಾಗ..."

"ನೀವು ಹೂವಿನಡಿ ಇಟ್ರಲ್ಲ, ಅದ್ರ ಬೆಳಗ್ಗೇನೇ."

"ನೋಡದೆ ಕವುಚುತ್ತೀಯ ಅಂದುಕೊಂಡೆ."

"ಬಾಡಿದ ಹೂವು ಸದ್ದು ಮಾಡಲ್ಲ ಸ್ವಾಮಿ. ದಿನಾ ಹ್ವರೋಳು ನಾನು. ಬುಟ್ಟಿ ಏನಂತದೆ ಅಂತ ಗೊತ್ತಾಗಲ್ವಾ?"

"ಯಾಕೆ ಹೇಳಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಮಳೆ ಸುರಿಯುತ್ತಿತ್ತು.

"ಅತ್ತುಬಿಡೋಣ ಅಂತ್ಲೇ ಬಂದಿದ್ದೆ, ಅದ್ರ ಮಾರನೇ ದಿನ" ಅಂದಳು ಸಾತವ್ವ. "ದೀಪ ಹಿಡ್ಕೊಂಡು ನಿಂತಿದ್ರಿ. ಗೊತ್ತಿದ್ದೂ ಯಾರ ಹೆಸ್ರು ಅಂದ್ರಿ. ಕೈ ನಡುಗ್ತಿತ್ತು ನಿಮ್ದು. ಕೇಳಿದ್ಮೇಲೆ ಹೇಳ್ದೆ ಇರೋದು ಹೆಂಗೆ? ಒಂದಿನ ನೀವು ಕೇಳ್ದೆ ಇದ್ದಿದ್ರೆ ಅತ್ತುಬಿಡ್ತಿದ್ದೆ."

ಭಟ್ಟರು ತಾಯತ ಎತ್ತಿ ಅವಳ ಅಂಗೈಯಲ್ಲಿಟ್ಟರು. "ಒಂದು ದಿನ ನೀನು ಹೇಳದೆ ಇದ್ದಿದ್ದರೆ ನಾನೂ ಬಾಯಿ ಬಿಡುತ್ತಿದ್ದೆ ಕಣಮ್ಮ" ಅಂದರು.

ದೀಪ ಕೆಳಗಿಟ್ಟರು. ಆ ದಿನ ಅವರು ಕೇಳಲಿಲ್ಲ.

ಸಾತವ್ವ ತಾಯತವನ್ನು ಎದೆಗೆ ಒತ್ತಿಕೊಂಡಳು. ಗಂಡನ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ನಾಲ್ಕು ತಲೆಯ ದೇವರು ಅಂದಿದ್ದಳು, ಅವರದೇ ಅಂದಿದ್ದಳು. ಈಗ ಬಾಯಿ ಬಿಟ್ಟು ಕೂಗಿದಳು. "ಬೊಮ್ಮಣ್ಣಾ" ಅಂದಳು. ಒಂದು ಸಲ, ಎರಡು ಸಲ, ಮೂರು ಸಲ. ಅಷ್ಟು ವರ್ಷ ಕಟ್ಟಿಟ್ಟ ಅಳು ಒಂದೇ ಸಲ ಬಂತು. ಭಟ್ಟರೂ ಜೊತೆಗೆ ಅತ್ತರು. ಬೆಳಕು ಬರುವ ಹೊತ್ತಿಗೆ ಅವಳ ಅಳು ನಿಂತಿತು. ಉಸಿರೂ ನಿಂತಿತು.

ಬದುಕಿದ್ದ ಗಂಡನ ಹೆಂಡತಿ, ಮುತ್ತೈದೆ ಸಾವು ಅಂತ ಊರಿನವರು ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೂವು ಮುಡಿಸಿ ಕಳಿಸಿದರು. ಹಂಪಯ್ಯನೂ ಬಂದು ಕೈಮುಗಿದ. ಅವನ ಜೀವನದಲ್ಲಿ ಕಲ್ಲಿನ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ.

ಆ ಬೆಳಗ್ಗೆ ಬಾಗಿಲು ತೆರೆಯಲಿಲ್ಲ. ಮಾರನೇ ಬೆಳಗ್ಗೆಯೂ ತೆರೆಯಲಿಲ್ಲ. ಮೂರನೇ ಬೆಳಗ್ಗೆ? ಮಳೆ ಬಿಟ್ಟಿರಲಿಲ್ಲ. ಮಂಟಪ ಖಾಲಿ. ಶೇಷಾಭಟ್ಟರು ತಾವೇ ಕೊಳದಲ್ಲಿ ಮುಳುಗಿದರು. ಒದ್ದೆ ಬಟ್ಟೆಯಲ್ಲಿ ಬಾಗಿಲ ಮುಂದೆ ನಿಂತರು. ತಾವೇ ದೀಪ ಹಿಡಿದು ತಾವೇ ಕೇಳಿಕೊಂಡರು. ಯಾರ ಹೆಸರು?

ತಟ್ಟಿದರು, ಮೂರು ಸಲ. "ಕಾಶ್ಯಪ ಗೋತ್ರದ, ಮೃಗಶಿರ ನಕ್ಷತ್ರದ ಬೊಮ್ಮಣ್ಣ ಬಂದಿದ್ದಾನೆ. ಅವನ ಹೆಂಡತಿ ಸಾತವ್ವ ಬಂದಿದ್ದಾಳೆ. ಏಳಪ್ಪಾ ರಂಗ."

ಬಾಗಿಲು ನೂಕಿದರು. ತೆರೆಯಿತು. ಮರದ ಬಾಗಿಲು, ನೂಕಿದರೆ ತೆರೆಯುತ್ತದೆ. ದೀಪ ಒಳಗೆ ಹೋಯಿತು. ರಂಗಪ್ಪ ಮಲಗಿದ್ದ. ಕಣ್ಣು ಅರ್ಧ ತೆರೆದಿತ್ತು, ಅರ್ಧ ಮುಚ್ಚಿತ್ತು. ಎಂದಿನ ಹಾಗೆಯೇ ಇತ್ತು. ಭಟ್ಟರು ಬಹಳ ಹೊತ್ತು ನೋಡಿದರು.

ಆಮೇಲೆ ತೇಯ್ದಿಟ್ಟ ಗಂಧದ ಬಟ್ಟಲು ಹಿಡಿದು ಹೊರಗೆ ಬಂದರು. ಕಲ್ಲಿನ ಮೂರನೇ ಸಾಲಿನ ಮೇಲೆ, ಅಕ್ಷರಗಳ ಒಳಗೆಲ್ಲ ಹೋಗುವ ಹಾಗೆ, ಬೆರಳಿನಿಂದ ಮೆತ್ತಿದರು. ಮಾರನೇ ದಿನವೂ ಮೆತ್ತಿದರು. ಮಳೆ ನಿಂತು ಯಾತ್ರಿಕರು ಬಂದರು, ನೋಡಿದರು, ಇದೂ ಒಂದು ಸೇವೆ ಇರಬೇಕು ಅಂದುಕೊಂಡು ತಾವೂ ಮೆತ್ತಿದರು. ಒಬ್ಬರು ಗಂಧ, ಒಬ್ಬರು ಅರಿಸಿನ, ಒಬ್ಬರು ಬೆಣ್ಣೆ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಗುಡಿಯಲ್ಲಿ ಯಾಕೆ ಅಂತ ಕೇಳದೆ ಇರುವ ಗುಣ ಒಂದೊಂದು ಸಲ ಉಪಕಾರಕ್ಕೆ ಬರುತ್ತದೆ. ಈಗ ಆ ಸಾಲು ಯಾರಿಗೂ ಓದಲಾಗುವುದಿಲ್ಲ.

ನೀವು ಯಾವಾಗಲಾದರೂ ಹೋಗುವುದಾದರೆ ನೆನಪಿಟ್ಟುಕೊಳ್ಳಿ. ಹಿಂದಿನ ಸಂಜೆಯೇ ಗುಡ್ಡ ಹತ್ತಬೇಕು. ಮಂಟಪದಲ್ಲಿ ಜಾಗ ಇದೆ, ಕಂಬಳಿ ನೀವೇ ತರಬೇಕು. ಬೆಳಗ್ಗೆ ಕೊಳದ ನೀರು ಕೊರೆಯುತ್ತದೆ, ಆದರೂ ಮುಳುಗಬೇಕು. ಒದ್ದೆ ಬಟ್ಟೆಯಲ್ಲಿ ನಿಂತರೆ ಹೆಸರು ಕೇಳುತ್ತಾರೆ, ಗೋತ್ರ ಕೇಳುತ್ತಾರೆ, ನಕ್ಷತ್ರ ಕೇಳುತ್ತಾರೆ. ಬದುಕಿದ್ದಾರೋ ಇಲ್ಲವೋ ಕೇಳುವುದಿಲ್ಲ. ಕೇಳಲಿ ಅಂತ ನೀವು ಕಾಯಬೇಡಿ. ಅಳುವುದಿದ್ದರೆ ಮೆಟ್ಟಿಲ ಕೆಳಗೇ ಅತ್ತು, ಆಮೇಲೆ ಹತ್ತಿ.

ಕತೆ ಎದ್ದಿತ್ತು, ಮತ್ತೆ ಮಲಗಿತು. ಹೂಂ ಅಂದವರು ಏಳಿ. ನಿದ್ದೆ ಹೋದವರನ್ನು ಅವರವರ ಹೆಸರು ಹಿಡಿದು ಎಬ್ಬಿಸಿ.